ಸಮೋವಾದ ಹಿರಿಯರು, ಮತಾಯ್ ಪಟ್ಟ, ಊರ ಕಟ್ಟಳೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಲೆಂಡ್, ವೆಲಿಂಗ್ಟನ್, ಸಿಡ್ನಿ ಕಡೆ ನೆಲೆಸಿದ ಕನ್ನಡಿಗರಿಗೆ ಸಮೋವಾದವರು ಅಪರಿಚಿತರಲ್ಲ. ಪಕ್ಕದ ಮನೆಯಲ್ಲೋ ಕೆಲಸದ ಜಾಗದಲ್ಲೋ ಮಕ್ಕಳ ಶಾಲೆಯಲ್ಲೋ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಅವರ ಮನೆಯ ಮದುವೆಗೋ ಸಾವಿಗೋ ಹೋಗಿಬಂದವರಿಗೆ ಹುಟ್ಟುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಆ ಕಡೆ ಕಾಲಿಡದೆ ಸುಮ್ಮನೆ ಕುತೂಹಲಕ್ಕೆ ಓದುವವರಿಗೂ ಅಡ್ಡಿಯಿಲ್ಲ.

ಸಮೋವಾ ಎಲ್ಲಿದೆ? ಎರಡು ಸಮೋವಾ ಇವೆಯಂತಲ್ಲ?

ದಕ್ಷಿಣ ಪೆಸಿಫಿಕ್‌ನಲ್ಲಿ, ಹವಾಯಿಗೂ ನ್ಯೂಜಿಲೆಂಡಿಗೂ ಹೆಚ್ಚುಕಡಿಮೆ ನಡುದಾರಿಯಲ್ಲಿದೆ. ಹೌದು, ಎರಡಿವೆ. ಪಶ್ಚಿಮದ ಉಪೋಲು, ಸವಾಯಿ ದ್ವೀಪಗಳು ಸೇರಿದ್ದು 1962ರಿಂದ ಸ್ವತಂತ್ರ ದೇಶ, ರಾಜಧಾನಿ ಅಪಿಯಾ. ಪೂರ್ವದ ತುತುಯಿಲಾ ಮತ್ತು ಅದರ ಸುತ್ತಲಿನ ದ್ವೀಪಗಳು ಅಮೆರಿಕದ ಕೈಕೆಳಗಿವೆ. ಮಾತು, ನಡೆ, ಪಟ್ಟದ ಪದ್ಧತಿ ಎರಡೂ ಕಡೆ ಒಂದೇ ಬೇರಿನವು. ಇಲ್ಲಿ ಬರೆದಿರುವುದು ಮುಖ್ಯವಾಗಿ ಸ್ವತಂತ್ರ ಸಮೋವಾದ ಸಂಗತಿ. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 2 ಲಕ್ಷ. 2023ರಲ್ಲಿ ನ್ಯೂಜಿಲೆಂಡಿನ ಗಣತಿಯಲ್ಲಿ ಸಮೋವಾ ಮೂಲದವರೇ 2 ಲಕ್ಷ ದಾಟಿದ್ದರು. ಹಾಗಾಗಿ ಇದು ದೂರದ ದ್ವೀಪದ ಕಥೆ ಮಾತ್ರವಲ್ಲ, ದಕ್ಷಿಣ ಆಕ್ಲೆಂಡಿನ ಬೀದಿಯದ್ದೂ ಹೌದು.

ಮತಾಯ್ ಅಂದರೆ ಮನೆಯ ಹಿರಿಯರಾ?

ಎಲ್ಲರೂ ಎಡವುವುದು ಇಲ್ಲೇ. ಮತಾಯ್ ಎಂದರೆ ಪಟ್ಟ ಹೊತ್ತವರು, ಮನೆತನದ ಹೊಣೆ ಹೊತ್ತವರು. ಅವರು ಮನೆಯಲ್ಲಿ ಎಲ್ಲರಿಗಿಂತ ವಯಸ್ಸಾದವರೇ ಆಗಿರಬೇಕಿಲ್ಲ. ಎಂಬತ್ತರ ಅಜ್ಜ ಪಟ್ಟವಿಲ್ಲದೆ ಇರಬಹುದು, ಅವರ ನಲವತ್ತರ ತಮ್ಮನ ಮಗ ಮತಾಯ್ ಆಗಿರಬಹುದು. ಅಜ್ಜನಿಗೆ ವಯಸ್ಸಿನ ಮರ್ಯಾದೆ ಸಲ್ಲುತ್ತದೆ, ಮತಾಯ್‌ಗೆ ಪಟ್ಟದ ಮರ್ಯಾದೆ. ಊರ ಸಭೆಯಲ್ಲಿ ಕೂತು ಮಾತಾಡುವ ಹಕ್ಕು ಎರಡನೆಯವರಿಗೆ ಮಾತ್ರ.

ಅಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ, ಎರಡು ಮಕ್ಕಳು ಅಲ್ಲ. ಒಂದೇ ಮೂಲಪುರುಷನಿಂದ ಇಳಿದುಬಂದ ನೂರಾರು ಜನರ ಕೂಟ. ಅದನ್ನು ಆಯಿಂಗ ಎನ್ನುತ್ತಾರೆ. ಪ್ರತಿ ಆಯಿಂಗಕ್ಕೂ ತನ್ನದೇ ಪಟ್ಟದ ಹೆಸರು, ಜಮೀನು, ಊರಲ್ಲಿ ಕೂರುವ ಜಾಗ ಇರುತ್ತವೆ. ಜಮೀನಿನಲ್ಲಿ ಯಾರು ಉಳಬೇಕು, ಯಾರು ಮನೆ ಕಟ್ಟಬೇಕು, ಜಗಳವಾದರೆ ಯಾರು ಬಗ್ಗಬೇಕು ಎಂದು ತೀರ್ಮಾನಿಸುವವರು ಮತಾಯ್. ದೇಶದ ನೆಲದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಇಂಥ ಮನೆತನದ ಜಮೀನು. ಅದನ್ನು ಮಾರುವ ಹಾಗಿಲ್ಲ, ಸಂವಿಧಾನವೇ ಬಿಡುವುದಿಲ್ಲ. ಇಡೀ ಪದ್ಧತಿಗೆ ಇಷ್ಟು ಗಟ್ಟಿತನ ಬಂದದ್ದು ಬರಿಯ ಭಕ್ತಿಯಿಂದ ಅಲ್ಲ, ಈ ನೆಲದಿಂದ. ಪ್ರವಾಸಿಗರಿಗಾಗಿ ಬರೆಯುವವರು ಇದನ್ನು ಬಿಟ್ಟು ಹೂವು, ನಗು, ನೃತ್ಯದ ಬಗ್ಗೆಯೇ ಬರೆಯುತ್ತಾರೆ.

ಅಪ್ಪನ ಪಟ್ಟ ಮಗನಿಗೇ ಬರುತ್ತದಾ?

ಬರಬಹುದು, ಬರಲೇಬೇಕೆಂದಿಲ್ಲ. ಪಟ್ಟ ಹೊತ್ತವರು ತೀರಿಕೊಂಡ ಮೇಲೆ ಆ ರಕ್ತಸಂಬಂಧದ ವಾರಸುದಾರರೆಲ್ಲ ಸೇರಿ ಮಾತಾಡಿ ಒಮ್ಮತಕ್ಕೆ ಬರಬೇಕು. ಮಗ, ಮಗಳು, ತಮ್ಮ, ಅಕ್ಕನ ಮಗ, ಯಾರೂ ಆಗಬಹುದು. ಅಲ್ಲಿ ತೂಗಿ ನೋಡುವ ಮುಖ್ಯ ಸಂಗತಿ ಒಂದು: ಈ ವ್ಯಕ್ತಿ ಇಷ್ಟು ವರ್ಷ ಮನೆತನಕ್ಕೆ ಏನು ದುಡಿದಿದ್ದಾನೆ? ಆ ದುಡಿಮೆಗೆ ತಾವ್ತುವಾ ಎಂದು ಹೆಸರು. ಬೆಳಿಗ್ಗೆ ಗದ್ದೆಗೆ ಹೋಗಿ ಕೆಸುವಿನ ಗೆಡ್ಡೆ ಕಿತ್ತು ತಂದವನು, ಕಾದ ಕಲ್ಲಿನ ಒಲೆಯಲ್ಲಿ ಅಡುಗೆ ಮಾಡಿ ಹಿರಿಯರಿಗೆ ಬಡಿಸಿ ಕಡೆಗೆ ತಾನು ಉಂಡವನು, ಪರದೇಶದಿಂದ ತಪ್ಪದೆ ದುಡ್ಡು ಕಳಿಸಿದವಳು, ಇವರ ಹೆಸರು ಮುಂದೆ ಬರುತ್ತದೆ. ‘ಓ ಲೆ ಅಲಾ ಇ ಲೆ ಪುಲೆ ಓ ಲೆ ತಾವ್ತುವಾ’ ಎಂಬುದು ಅಲ್ಲಿನ ಮಕ್ಕಳ ಬಾಯಲ್ಲೂ ಇರುವ ಗಾದೆ. ಅಧಿಕಾರಕ್ಕೆ ಹೋಗುವ ದಾರಿ ಸೇವೆಯೇ ಎಂದು ಅದರ ತಾತ್ಪರ್ಯ.

ಒಮ್ಮತವಾದರೆ ಸವೊಫಾಯಿ ಎಂಬ ಪಟ್ಟಾಭಿಷೇಕ ನಡೆಯುತ್ತದೆ. ಊರಿನ ಮತಾಯ್‌ಗಳೆಲ್ಲ ಕೂತು ಹೊಸಬರ ಹೆಸರು ಹಿಡಿದು ಕರೆದು ಆವ ಎಂಬ ಪಾನೀಯ ಕೊಟ್ಟರೆ ಪಟ್ಟ ಊರ್ಜಿತ. ಅಂದಿನಿಂದ ಪಟ್ಟದ ಹೆಸರು ಅವರ ಸ್ವಂತ ಹೆಸರಿನ ಮುಂದೆ ಬಂದು ಕೂರುತ್ತದೆ. ಒಮ್ಮತ ಆಗಲಿಲ್ಲವೋ, ಭೂಮಿ ಮತ್ತು ಪಟ್ಟಗಳ ನ್ಯಾಯಾಲಯಕ್ಕೆ ಹೋಗುತ್ತಾರೆ. ಜರ್ಮನ್ನರು 1903ರಲ್ಲಿ ಶುರುಮಾಡಿದ ಮಂಡಳಿಯೊಂದು ಬೆಳೆದು ಆದ ನ್ಯಾಯಾಲಯ ಅದು, ವ್ಯಾಜ್ಯಗಳಿಗೇನೂ ಬರವಿಲ್ಲ. ಒಂದೇ ಪಟ್ಟವನ್ನು ಹತ್ತಾರು ಜನ ಹಂಚಿಕೊಳ್ಳುವುದೂ ಈಗ ಮಾಮೂಲು. ಹೀಗೆ ಹಂಚುತ್ತ ಹೋದರೆ ಪಟ್ಟದ ತೂಕವೇ ಇಳಿಯುತ್ತದೆ ಎಂದು ಗೊಣಗುವವರು ಸಮೋವಾದಲ್ಲೇ ಬೇಕಾದಷ್ಟಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ.

ಹಾಲಿವುಡ್ ನಟ ಡ್ವೇನ್ ಜಾನ್ಸನ್‌ಗೂ ಪಟ್ಟ ಇದೆಯಂತೆ, ನಿಜವಾ?

ನಿಜ. ಅವರ ತಾಯಿ ಸಮೋವಾ ಮೂಲದವರು. 2004ರಲ್ಲಿ ಆಗ ಸಮೋವಾದ ರಾಷ್ಟ್ರದ ಮುಖ್ಯಸ್ಥರಾಗಿದ್ದ ಮಲಿಯೆತೋವಾ ತನುಮಾಫಿಲಿ 2 ಅವರು ಜಾನ್ಸನ್‌ಗೆ ಸೇಯಿಉಲಿ ಎಂಬ ಪಟ್ಟ ಕೊಟ್ಟರು. ಬ್ರಿಟನ್ನಿನ ದೊರೆ ಚಾರ್ಲ್ಸ್ 2024ರ ಅಕ್ಟೋಬರ್‌ನಲ್ಲಿ ಕಾಮನ್‌ವೆಲ್ತ್ ಸಭೆಗೆಂದು ಅಪಿಯಾಕ್ಕೆ ಹೋದಾಗ ಅವರಿಗೂ ಒಂದು ಪಟ್ಟ ಸಿಕ್ಕಿತು. ಇವೆಲ್ಲ ಗೌರವದ ಪಟ್ಟಗಳು. ಇವರ್‍ಯಾರೂ ಊರಿನ ಸಭೆಯಲ್ಲಿ ಕೂತು ಹಂದಿ ಬೇಲಿ ದಾಟಿದ ಜಗಳ ಬಿಡಿಸುವುದಿಲ್ಲ.

ಎಲ್ಲ ಮತಾಯ್‌ಗಳೂ ಒಂದೇ ಮಟ್ಟದವರಾ?

ಅಲ್ಲ. ಎರಡು ಬಗೆ. ಒಂದು ಅಲಿ-ಇ, ಅಂದರೆ ಒಡೆಯರು. ಇನ್ನೊಂದು ತುಲಾಫಾಲೆ, ಮಾತಿನ ಮತಾಯ್‌ಗಳು. ಒಡೆಯರು ಸಭೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಅವರ ಪರವಾಗಿ ಮಾತಾಡುವವರು ತುಲಾಫಾಲೆ. ಎತ್ತರದ ಕೋಲು ಹಿಡಿದು, ತೆಂಗಿನ ನಾರಿನ ಚೌರಿಯನ್ನು ಹೆಗಲ ಮೇಲೆ ಹಾಕಿಕೊಂಡು ನಿಲ್ಲುವವರು ಇವರೇ. ಪಟ್ಟಗಳ ವಂಶಾವಳಿ, ಊರೂರಿನ ಸಂಬೋಧನೆ, ಹಳೆಯ ಯುದ್ಧ ಮತ್ತು ಮೀನುಗಾರಿಕೆಯಿಂದ ಹುಟ್ಟಿದ ಗಾದೆಗಳು ಇವರ ನಾಲಿಗೆ ತುದಿಯಲ್ಲಿರಬೇಕು. ಒಂದು ಮನೆತನದ ಹೆಸರು ಬಿಟ್ಟುಹೋದರೂ ಕೂತವರ ಮುಖ ಸಿಂಡರಿಸುತ್ತದೆ.

ನನಗೆ ಬಹಳ ಹಿಡಿಸಿದ ಸಂಗತಿ ಭಾಷಣ ಶುರುವಾಗುವ ಮುಂಚಿನದ್ದು. ಯಾರು ಮಾತಾಡಬೇಕು ಎಂದು ತುಲಾಫಾಲೆಗಳು ತಮ್ಮತಮ್ಮಲ್ಲೇ ಚರ್ಚೆಗಿಳಿಯುತ್ತಾರೆ. ಮೇಲ್ನೋಟಕ್ಕೆ ‘ನೀವು ಮಾತಾಡಿ, ನೀವು ಮಾತಾಡಿ’ ಎಂಬ ವಿನಯ. ಒಳಗೆ ಯಾರ ಪಟ್ಟ ದೊಡ್ಡದು, ಯಾರ ಸರದಿ ಎಂಬ ಲೆಕ್ಕಾಚಾರ. ಕೊನೆಗೆ ಒಬ್ಬರಿಗೆ ಉಳಿದವರೆಲ್ಲ ಬಿಟ್ಟುಕೊಡುತ್ತಾರೆ. ಗೊತ್ತಿಲ್ಲದವರಿಗೆ ಹೊತ್ತು ಕಳೆಯುತ್ತಿದ್ದಾರೆ ಅನ್ನಿಸುತ್ತದೆ, ಗೊತ್ತಿದ್ದವರು ಉಸಿರು ಬಿಗಿಹಿಡಿದು ಕೇಳುತ್ತಾರೆ.

ಎಲ್ಲಕ್ಕೂ ಮೇಲೆ ನಾಲ್ಕು ಮಹಾಪಟ್ಟಗಳಿವೆ: ಮಲಿಯೆತೋವಾ, ಮತಾಫಾ, ತುಪುವಾ ತಮಸೆಸೆ, ತುಯಿಮಲೆಯಲಿಇಫಾನೋ. ಸ್ವಾತಂತ್ರ್ಯ ಬಂದಾಗ ಇವುಗಳಲ್ಲಿ ಎರಡು ಪಟ್ಟದವರು ಜಂಟಿಯಾಗಿ, ಜೀವನಪರ್ಯಂತ ರಾಷ್ಟ್ರದ ಮುಖ್ಯಸ್ಥರಾದರು. ಅವರಲ್ಲಿ ಉಳಿದ ಮಲಿಯೆತೋವಾ ತನುಮಾಫಿಲಿ 2 ಅವರು 2007ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಬಹುತೇಕ ಕ್ರೈಸ್ತರ ಈ ದೇಶದ ಆ ಹಿರಿಯರು ಬಹಾಯಿ ಧರ್ಮದವರು ಎಂಬುದು ಅಚ್ಚರಿಯ ವಿಷಯ. ದೆಹಲಿಯ ಕಮಲ ಮಂದಿರಕ್ಕಿಂತ ಎರಡು ವರ್ಷ ಮೊದಲು, 1984ರಲ್ಲಿ, ಅದೇ ಧರ್ಮದ ಮಂದಿರವೊಂದು ಅಪಿಯಾದ ಮೇಲಿನ ಗುಡ್ಡದಲ್ಲಿ ತೆರೆಯಿತು.

ಊರ ಸಭೆಗೆ ಎಷ್ಟು ಅಧಿಕಾರ?

ಅದರ ಹೆಸರು ಫೊನೊ. ಮುನ್ನೂರಕ್ಕೂ ಹೆಚ್ಚು ಊರುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಫೊನೊ ಇದೆ. ಸುತ್ತಲೂ ಗೋಡೆಯಿಲ್ಲದ, ಬರೀ ಕಂಬಗಳ ಮೇಲೆ ನಿಂತ ಮನೆಯಲ್ಲಿ ಅದು ಕೂಡುತ್ತದೆ. ಯಾವ ಕಂಬಕ್ಕೆ ಯಾರು ಒರಗಬೇಕು ಎಂಬುದೂ ಗೊತ್ತುಪಡಿಸಿದ್ದು: ಎರಡು ದುಂಡು ತುದಿಗಳಲ್ಲಿ ಒಡೆಯರು, ಎದುರಿನ ಉದ್ದ ಸಾಲಿನಲ್ಲಿ ಮಾತಿನವರು. 1990ರ ಊರ ಫೊನೊ ಕಾಯ್ದೆ ಈ ಸಭೆಗೆ ಕಾನೂನಿನ ಬಲ ಕೊಟ್ಟಿತು. ಕುಡಿದು ಗಲಾಟೆ, ಕಳ್ಳತನ, ಹಿರಿಯರಿಗೆ ಎದುರುಮಾತು, ಸಂಜೆ ಪ್ರಾರ್ಥನೆಯ ಹೊತ್ತಿನಲ್ಲಿ ರಸ್ತೆಯಲ್ಲಿ ತಿರುಗಾಟ, ಇವಕ್ಕೆಲ್ಲ ದಂಡ ಬೀಳುತ್ತದೆ. ದಂಡ ದುಡ್ಡಿನಲ್ಲೇ ಆಗಬೇಕೆಂದಿಲ್ಲ. ಹಂದಿ, ಡಬ್ಬಿ ಮೀನಿನ ಪೆಟ್ಟಿಗೆ, ಚಾಪೆಗಳೂ ನಡೆಯುತ್ತವೆ. ತಪ್ಪು ಮಾಡಿದವನೊಬ್ಬನಾದರೂ ದಂಡ ಕಟ್ಟುವುದು ಅವನ ಮತಾಯ್ ಮತ್ತು ಇಡೀ ಮನೆತನ. ಆದ್ದರಿಂದ ಹುಡುಗರನ್ನು ಪೊಲೀಸರಿಗಿಂತ ಮನೆಯವರೇ ಹೆಚ್ಚು ಕಾಯುತ್ತಾರೆ.

ಅತಿ ಕಠಿಣ ಶಿಕ್ಷೆ ಊರಿನಿಂದ ಹೊರಗೆ ಹಾಕುವುದು. ಇದರಿಂದಲೇ ತಕರಾರುಗಳೂ ಹುಟ್ಟಿವೆ. ಊರಲ್ಲಿಲ್ಲದ ಹೊಸ ಚರ್ಚಿಗೆ ಹೋದರೆಂದು ಕುಟುಂಬಗಳನ್ನು ಓಡಿಸಿದ ಪ್ರಕರಣಗಳು ಕೋರ್ಟಿನ ಮೆಟ್ಟಿಲೇರಿವೆ; ಸಂವಿಧಾನ ಕೊಟ್ಟ ಧರ್ಮಸ್ವಾತಂತ್ರ್ಯ ದೊಡ್ಡದೋ ಊರ ಒಗ್ಗಟ್ಟು ದೊಡ್ಡದೋ ಎಂಬ ವಾದ ಅಲ್ಲಿ ಇನ್ನೂ ನಡೆದೇ ಇದೆ. ಹಿರಿಯರು ಹೇಳಿದ್ದೆಲ್ಲ ನ್ಯಾಯ ಎಂದು ಒಪ್ಪಿಕೊಳ್ಳುವವರು ಈ ಭಾಗವನ್ನೂ ಓದಿಕೊಳ್ಳಬೇಕು.

ಆವ ಅಂದರೆ ಹೆಂಡವಾ?

ಅಲ್ಲ. ಅದರಲ್ಲಿ ಮದ್ಯಸಾರ ಇಲ್ಲ. ಒಂದು ಗಿಡದ ಬೇರನ್ನು ಒಣಗಿಸಿ ಕುಟ್ಟಿ, ತಣ್ಣೀರಲ್ಲಿ ಹಿಸುಕಿ, ನಾರಿನಿಂದ ಸೋಸಿದ ಪಾನೀಯ. ಫಿಜಿ, ತೋಂಗಾದಲ್ಲಿ ಕಾವಾ ಎನ್ನುವುದು ಇದನ್ನೇ. ಮಣ್ಣಿನ ಬಣ್ಣ, ಸ್ವಲ್ಪ ಕಹಿ, ಕುಡಿದರೆ ನಾಲಿಗೆ ಜೋಮು ಹಿಡಿಯುತ್ತದೆ, ಮೈ ಹಗುರವಾಗುತ್ತದೆ. ಆ ಗಿಡ ನಮ್ಮ ಮಲೆನಾಡಿನ ಕಾಳುಮೆಣಸು, ವೀಳ್ಯದೆಲೆಗಳ ಕುಲದ್ದೇ ಎಂಬುದು ಸಸ್ಯಶಾಸ್ತ್ರದ ಮಾತು.

ಅದನ್ನು ಕಲಸುವುದು ಹಲವು ಕಾಲಿನ ಮರದ ಬೋಗುಣಿಯಲ್ಲಿ, ಸಾಮಾನ್ಯವಾಗಿ ಒಡೆಯರ ಮನೆಯ ಮಗಳು. ತೆಂಗಿನ ಚಿಪ್ಪಿನಲ್ಲಿ ತುಂಬಿ ಹಂಚುವವರು ಪಟ್ಟವಿಲ್ಲದ ಯುವಕರು. ಒಬ್ಬೊಬ್ಬ ದೊಡ್ಡವರ ಬಟ್ಟಲಿಗೂ ಪ್ರತ್ಯೇಕ ಹೆಸರಿದೆ, ಅದನ್ನು ಕೂಗಿ ಹೇಳಿಯೇ ಕೊಡುವುದು. ಯಾರಿಗೆ ಯಾವ ಕ್ರಮದಲ್ಲಿ ಹೋಯಿತು ಎಂಬುದರಲ್ಲೇ ಊರಿನ ಶ್ರೇಣಿಯೆಲ್ಲ ಬಯಲಾಗುತ್ತದೆ. ಕ್ರಮ ತಪ್ಪಿದರೆ ಅವಮಾನ. ಬಟ್ಟಲು ಕೈಗೆ ಬಂದಾಗ ನಾಲ್ಕು ಹನಿ ನೆಲಕ್ಕೆ ಚೆಲ್ಲಿ ‘ಮಾನುಯಿಯಾ’ ಎನ್ನಬೇಕು. ಉಳಿದವರು ‘ಸೋಯಿಫುವಾ’ ಎನ್ನುತ್ತಾರೆ.

ಹಿರಿಯರ ಎದುರು ಹೇಗೆ ಮಾತಾಡುತ್ತಾರೆ?

ದಿನಬಳಕೆಯ ಮಾತಿನ ಜೊತೆಗೆ ಗೌರವದ ಮಾತೆಂಬ ಇನ್ನೊಂದು ಪದರವೇ ಇದೆ. ‘ಬನ್ನಿ’ ಎನ್ನುವುದಕ್ಕೆ ಒಡೆಯರಿಗೆ ಒಂದು ಪದ, ತುಲಾಫಾಲೆಗೆ ಮತ್ತೊಂದು. ಊಟ, ಮನೆ, ಸಾವು ಎಲ್ಲಕ್ಕೂ ಹೀಗೇ. ತನ್ನ ಬಗ್ಗೆ ಹೇಳಿಕೊಳ್ಳುವಾಗ ಮಾತ್ರ ಸಾದಾ ಪದವನ್ನೇ ಬಳಸಬೇಕು. ದೊಡ್ಡ ಪಟ್ಟದವರೂ ತಮಗೆ ತಾವೇ ಗೌರವದ ಪದ ಹಚ್ಚಿಕೊಂಡರೆ ಜನ ನಗುತ್ತಾರೆ. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಮಕ್ಕಳಿಗೆ ಮನೆಮಾತು ಬಂದರೂ ಈ ಪದರ ಬರುವುದಿಲ್ಲ. ಇಂಗ್ಲಿಷ್, ಮಾವೊರಿ ಬಿಟ್ಟರೆ ಅಲ್ಲಿ ಹೆಚ್ಚು ಕೇಳಿಬರುವ ನುಡಿಗಳಲ್ಲಿ ಸಮೋವಾದ್ದು ಒಂದಾದರೂ ಅಜ್ಜಿಯರ ಚಿಂತೆ ಇದೇ.

ಹೆಂಗಸರು ಮತಾಯ್ ಆಗಬಹುದಾ?

ಆಗಬಹುದು, ಆಗಿದ್ದಾರೆ, ಆದರೆ ಕಡಿಮೆ. ಹೆಂಗಸರಿಗೆ ಪಟ್ಟವನ್ನೇ ಒಪ್ಪದ ಊರುಗಳೂ ಇವೆ. ಇದರ ಪರಿಣಾಮ ನೇರವಾಗಿ ರಾಜಕೀಯಕ್ಕೆ ತಾಗುತ್ತದೆ, ಏಕೆಂದರೆ ಸಂಸತ್ತಿಗೆ ನಿಲ್ಲಬೇಕಾದರೆ ಮತಾಯ್ ಆಗಿರಲೇಬೇಕು. ಮತ ಹಾಕುವ ಹಕ್ಕೂ ಮೊದಲು ಮತಾಯ್‌ಗಳಿಗೇ ಮೀಸಲಾಗಿತ್ತು. 1990ರ ಜನಮತಗಣನೆಯ ಬಳಿಕ 21 ತುಂಬಿದ ಎಲ್ಲರಿಗೂ ಬಂತು. 2013ರಲ್ಲಿ ಸಂವಿಧಾನ ತಿದ್ದಿ ಹೆಂಗಸರಿಗೆ ಕನಿಷ್ಠ ಶೇ. 10 ಸ್ಥಾನ ಎಂದು ಬರೆದರು.

2021ರ ಚುನಾವಣೆಯಲ್ಲಿ ಜಗಳ ಹತ್ತಿದ್ದು ಇದೇ ಶೇ. 10ರ ಲೆಕ್ಕದಿಂದ. 51 ಸ್ಥಾನದಲ್ಲಿ ಶೇ. 10 ಅಂದರೆ 5.1, ಅದು ಐದೋ ಆರೋ? ಬಹುಮತ ಯಾರಿಗೆಂಬುದು ಅದರ ಮೇಲೆ ನಿಂತಿತ್ತು. ಗೆದ್ದ ಪಕ್ಷದ ನಾಯಕಿ ಫಿಯಾಮೆ ನವೋಮಿ ಮತಾಫಾ ಪ್ರಮಾಣವಚನಕ್ಕೆ ಬಂದರೆ ಸಂಸತ್ತಿನ ಬಾಗಿಲಿಗೆ ಬೀಗ. ಹುಲ್ಲುಹಾಸಿನ ಮೇಲೆ ಡೇರೆ ಹಾಕಿಸಿ ಅಲ್ಲೇ ಪ್ರಮಾಣ ಸ್ವೀಕರಿಸಿದರು. ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ದೇಶದ ಮೊದಲ ಮಹಿಳಾ ಪ್ರಧಾನಿ ಹೊತ್ತಿದ್ದ ಫಿಯಾಮೆ ಎಂಬುದು ಹೆಸರಲ್ಲ, ಪಟ್ಟ. ಮೊದಲ ಪ್ರಧಾನಿಯಾಗಿದ್ದ ಅವರ ತಂದೆ ಹೊತ್ತಿದ್ದ ಪಟ್ಟವೂ ಅದೇ.

ಚಾಪೆಗೆ ಯಾಕೆ ಅಷ್ಟು ಬೆಲೆ?

ಕೂರುವ ಚಾಪೆ ಬೇರೆ, ಇದು ಬೇರೆ. ಕೇದಗೆ ಜಾತಿಯ ಗಿಡದ ಎಲೆಯನ್ನು ಬಹಳ ತೆಳ್ಳಗೆ ಸೀಳಿ, ರೇಷ್ಮೆಯಷ್ಟು ನುಣುಪಾಗಿ ಹೆಂಗಸರು ಹೆಣೆಯುವ ಈ ಚಾಪೆಗೆ ಎಷ್ಟೋ ತಿಂಗಳು, ಕೆಲವಕ್ಕೆ ವರ್ಷಗಳೇ ಹಿಡಿಯುತ್ತವೆ. ಮದುವೆ, ಸಾವು, ಪಟ್ಟಾಭಿಷೇಕ ಎಲ್ಲದರಲ್ಲೂ ಮನೆತನಗಳ ನಡುವೆ ಕೈಬದಲಾಗುವ ಸಂಪತ್ತು ಇದು. ಹಳೆಯದಾದಷ್ಟೂ, ಕೈ ಬದಲಾದಷ್ಟೂ ಮಾನ ಹೆಚ್ಚು. 2019ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಅತಿ ಗಂಭೀರ ಬಳಕೆ ಇಫೋಂಗ ಎಂಬ ಕ್ಷಮೆ ಕೇಳುವ ಪದ್ಧತಿಯಲ್ಲಿ. ಒಬ್ಬ ಇನ್ನೊಂದು ಮನೆಯವರನ್ನು ಕೊಂದನೆನ್ನಿ, ಅಥವಾ ಕೆಡುಕು ಮಾಡಿದನೆನ್ನಿ. ಬೆಳಗಾಗುವ ಮುನ್ನವೇ ಅವನ ಮತಾಯ್ ತನ್ನವರನ್ನು ಕರೆದುಕೊಂಡು ನೊಂದವರ ಮನೆಯೆದುರು ಹೋಗಿ ತಲೆಬಾಗಿ ಕೂರುತ್ತಾರೆ; ಮೈಮೇಲೆ ಈ ಚಾಪೆ ಹೊದ್ದುಕೊಂಡು. ಮಾತಿಲ್ಲ. ಒಳಗಿನವರು ಕೋಪದಲ್ಲಿ ಹೊಡೆಯಲೂಬಹುದು, ಗಂಟೆಗಟ್ಟಲೆ ಬಿಸಿಲಲ್ಲಿ ಕಾಯಿಸಲೂಬಹುದು. ಎದ್ದುಬಂದು ಚಾಪೆ ಸರಿಸಿದರೆ ಕ್ಷಮಿಸಿದ ಹಾಗೆ. ಆಮೇಲೆ ಒಳಗೆ ಕರೆದು ಭಾಷಣ, ಕಣ್ಣೀರು, ಊಟ. ತಪ್ಪು ಮಾಡಿದವನಿಗಾಗಿ ತಪ್ಪು ಮಾಡದ ಹಿರಿಯರು ಮಣ್ಣಲ್ಲಿ ಕೂರುವುದು ಇಲ್ಲಿಯ ವಿಶೇಷ. ಪಟ್ಟಕ್ಕೆ ಜನ ತಲೆಬಾಗುವುದು ಏಕೆಂದು ಕೇಳುವವರಿಗೆ ನಾನು ಆವದ ಸಮಾರಂಭ ತೋರಿಸುವುದಿಲ್ಲ, ಇದನ್ನು ತೋರಿಸುತ್ತೇನೆ.

1970ರ ದಶಕದಲ್ಲಿ ನ್ಯೂಜಿಲೆಂಡ್ ಪೊಲೀಸರು ವೀಸಾ ಮುಗಿದವರನ್ನು ಹುಡುಕುವ ನೆಪದಲ್ಲಿ ಪೆಸಿಫಿಕ್ ಜನರ ಮನೆಗಳಿಗೆ ನಸುಕಿನಲ್ಲಿ ನುಗ್ಗುತ್ತಿದ್ದರು. ಅದಕ್ಕೆ ಕ್ಷಮೆ ಕೇಳಲು 2021ರ ಆಗಸ್ಟ್ 1ರಂದು ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಆಕ್ಲೆಂಡಿನ ಸಭಾಭವನದಲ್ಲಿ ಚಾಪೆ ಹೊದ್ದು ಕೂತರು.

ಮೈತುಂಬ ಹಚ್ಚೆ ಎಲ್ಲರಿಗೂ ಕಡ್ಡಾಯವಾ?

ಇಲ್ಲ. ಗಂಡಸರದ್ದು ಸೊಂಟದಿಂದ ಮೊಣಕಾಲವರೆಗೆ, ಹೆಸರು ಪೆಅ. ಹೆಂಗಸರದ್ದು ತೊಡೆಯ ಮೇಲೆ, ಹೆಸರು ಮಾಲು. ಅರ್ಧಕ್ಕೆ ಬಿಟ್ಟರೆ ಮನೆಗೇ ಅವಮಾನವೆಂಬ ಭಾವನೆ ಇದೆ. ಹಿರಿಯರ ಸೇವೆಗೆ ಸಿದ್ಧನೆಂಬ ಗುರುತಾಗಿ ಹಾಕಿಸಿಕೊಳ್ಳುತ್ತಾರೆ. ಬರೀ ಚೆಂದಕ್ಕೆಂದು ಹೊರಗಿನವರು ಹಾಕಿಸಿಕೊಳ್ಳುವುದರ ಬಗ್ಗೆ ಎರಡು ಅಭಿಪ್ರಾಯಗಳಿವೆ.

ಬಿಳಿಯರ ಆಳ್ವಿಕೆಯಲ್ಲಿ ಇದೆಲ್ಲ ಹೇಗೆ ಉಳಿಯಿತು?

ಪಾದ್ರಿಗಳು 1830ರಲ್ಲಿ ಸವಾಯಿಗೆ ಬಂದಿಳಿದಾಗ ಅಂದಿನ ಮಲಿಯೆತೋವಾ ಅವರನ್ನು ಬರಮಾಡಿಕೊಂಡರು. ಒಡೆಯರ ಹಿಂದೆ ಊರೂರೇ ಕ್ರೈಸ್ತವಾಯಿತು. ಹೀಗಾಗಿ ಚರ್ಚು ಪಟ್ಟವನ್ನು ಕೆಡವಲಿಲ್ಲ, ಅದರ ಪಕ್ಕದಲ್ಲೇ ಕೂತಿತು. ಕೆಡವಲು ನೋಡಿದ್ದು ಆಮೇಲಿನ ಸರ್ಕಾರಗಳು. 1900ರಿಂದ ಆಳಿದ ಜರ್ಮನ್ನರು ಎದುರಾಡಿದ ತುಲಾಫಾಲೆ ಲವಾಕಿ ನಮುಲಾವುಲು ಮಾಮೋಯೆ ಅವರನ್ನು 1909ರಲ್ಲಿ ಸೈಪಾನ್ ದ್ವೀಪಕ್ಕೆ ಗಡಿಪಾರು ಮಾಡಿದರು. 1914ರಲ್ಲಿ ನ್ಯೂಜಿಲೆಂಡ್ ಬಂತು. ಮತಾಯ್‌ಗಳ ಪಟ್ಟ ಕಿತ್ತುಕೊಳ್ಳುವ, ಊರು ಬಿಡಿಸುವ ಅಧಿಕಾರವನ್ನು ತನಗೆ ತಾನೇ ಕೊಟ್ಟುಕೊಂಡಿತು.

1918ರ ನವೆಂಬರ್‌ನಲ್ಲಿ ‘ತಲುನೆ’ ಎಂಬ ಹಡಗು ಆಕ್ಲೆಂಡಿನಿಂದ ಜ್ವರ ಹೊತ್ತು ತಂದಿತು. ಅಧಿಕಾರಿಗಳು ಅದನ್ನು ತಡೆಯದೆ ಬಿಟ್ಟರು. ಎರಡು ತಿಂಗಳಲ್ಲಿ ಸುಮಾರು 8,500 ಜನ, ಅಂದರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು, ಸತ್ತರು. ಅದೇ ಹೊತ್ತಿಗೆ ಹಡಗುಗಳನ್ನು ದೂರವಿಟ್ಟ ಅಮೆರಿಕನ್ ಸಮೋವಾದಲ್ಲಿ ಒಬ್ಬರೂ ಸಾಯಲಿಲ್ಲ. ವಂಶಾವಳಿ, ಗಾದೆ, ಗಡಿಗುರುತು ನೆನಪಿಟ್ಟುಕೊಂಡಿದ್ದ ಎಷ್ಟೋ ಹಿರಿಯರು ಅವನ್ನೆಲ್ಲ ಯಾರಿಗೂ ದಾಟಿಸದೆಯೇ ಹೋದರು. ಉಳಿದವರ ಸಿಟ್ಟು ‘ಮಾವು’ ಚಳವಳಿಯಾಯಿತು. 1929ರ ಡಿಸೆಂಬರ್ 28ರಂದು ಅಪಿಯಾದ ಶಾಂತಿಯುತ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮುಂದಾಳು ತುಪುವಾ ತಮಸೆಸೆ ಲೆಯಲೋಫಿ 3 ಆ ಗಾಯದಿಂದ ತೀರಿಕೊಂಡರು. ಗಂಡಸರು ಕಾಡು ಸೇರಿದಾಗ ಹೆಂಗಸರು ಚಳವಳಿ ನಡೆಸಿದರು. 2002ರಲ್ಲಿ ನ್ಯೂಜಿಲೆಂಡಿನ ಆಗಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಬಂದು ಈ ಎಲ್ಲಕ್ಕೂ ಕ್ಷಮೆ ಕೇಳಿದರು.

ಪಟ್ಟವಿಲ್ಲದ ಮುದುಕರನ್ನು ಯಾರು ನೋಡಿಕೊಳ್ಳುತ್ತಾರೆ?

ಹೆಚ್ಚಾಗಿ ಮನೆಯವರೇ. ತೀರಿಕೊಂಡ ಮೇಲೂ ಅವರು ಮನೆ ಬಿಟ್ಟು ಹೋಗುವುದಿಲ್ಲ. ಸಮಾಧಿ ಮನೆಯ ಅಂಗಳದಲ್ಲೇ, ಮಕ್ಕಳು ಅದರ ಮೇಲೆ ಕೂತು ಆಡುವಷ್ಟು ಹತ್ತಿರ. ಸರ್ಕಾರವೂ 1990ರಿಂದ 65 ದಾಟಿದವರಿಗೆ ತಿಂಗಳ ಪಿಂಚಣಿ ಕೊಡುತ್ತಿದೆ. ಎರಡು ದ್ವೀಪಗಳ ನಡುವಿನ ದೋಣಿಯಲ್ಲಿ ಅವರಿಗೆ ಟಿಕೆಟ್ ಇಲ್ಲ. ಇಷ್ಟಾಗಿಯೂ ಅಪಿಯಾ ಹತ್ತಿರ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಮಾಪುಯಿಫಾಂಗಲೆಲೆ ಎಂಬ ವೃದ್ಧಾಶ್ರಮವಿದೆ. ಮಕ್ಕಳೆಲ್ಲ ಪರದೇಶಕ್ಕೆ ಹೋದ ಊರಲ್ಲಿ ಪಟ್ಟ, ಜಮೀನು, ಗೌರವ ಎಲ್ಲ ಇದ್ದೂ ಸ್ನಾನ ಮಾಡಿಸಲು ಕೈ ಇರುವುದಿಲ್ಲ.

ಇದೆಲ್ಲ ಚಿಕ್ಕವರಿಗೆ ಹೊರೆಯಲ್ಲವಾ?

ಹೊರೆಯೇ. ಮದುವೆ, ಸಾವು, ಪಟ್ಟಕ್ಕೆಲ್ಲ ಮನೆತನ ಕೇಳುವ ಕೊಡುಗೆಗೆ ಫಾಅಲವೆಲವೆ ಎನ್ನುತ್ತಾರೆ. ಆಕ್ಲೆಂಡಿನಲ್ಲಿ ಕಾರ್ಖಾನೆ ಪಾಳಿ ಮಾಡುವವರು ಸಾಲ ತೆಗೆದು ಇದನ್ನು ಕಟ್ಟುವುದುಂಟು. ಜೊತೆಗೆ ಚರ್ಚಿನ ಕಾಣಿಕೆ. ಯಾರು ಎಷ್ಟು ಕೊಟ್ಟರೆಂದು ಎಷ್ಟೋ ಕಡೆ ಗಟ್ಟಿಯಾಗಿ ಓದುತ್ತಾರೆ. ಹಿರಿಯರೆದುರು ಬಾಯಿ ತೆರೆಯಬಾರದೆಂಬ ನಿಯಮದಲ್ಲಿ ಮಕ್ಕಳ ನೋವೂ ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಸಮೋವಾದ ಹೊಸ ತಲೆಮಾರಿನವರೇ ಹೇಳುತ್ತಿದ್ದಾರೆ. ನನ್ನ ಲೆಕ್ಕದಲ್ಲಿ, ಹಿರಿಯರು ಕೊಡುವುದನ್ನು ನಿಲ್ಲಿಸಿ ಪಡೆಯುವುದನ್ನಷ್ಟೇ ಇಟ್ಟುಕೊಂಡ ಕಡೆ ಈ ಪದ್ಧತಿ ಕೆಟ್ಟಿದೆ.

ಆದರೆ ವರ್ಷದಲ್ಲಿ ಒಂದು ದಿನ ಎಲ್ಲ ತಿರುಗುಮುರುಗು. ಅಕ್ಟೋಬರ್ ಎರಡನೇ ಭಾನುವಾರ ಮಕ್ಕಳ ಹಬ್ಬ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಚರ್ಚಿನಲ್ಲಿ ಬೈಬಲ್ ಸಾಲು ಒಪ್ಪಿಸುತ್ತಾರೆ, ನಾಟಕ ಆಡುತ್ತಾರೆ. ಮನೆಗೆ ಬಂದ ಮೇಲೆ ಮೊದಲ ಪಂಕ್ತಿ ಅವರದು, ಬಡಿಸುವವರು ಅಪ್ಪ, ಅಮ್ಮ, ಅಜ್ಜ. ಮರುದಿನ ಸರ್ಕಾರಿ ರಜೆ.

ಅವರ ಮನೆಗೋ ಊರಿಗೋ ಹೋದರೆ ನಾವು ಹೇಗೆ ನಡೆದುಕೊಳ್ಳಬೇಕು?

ಚಪ್ಪಲಿ ಹೊರಗೆ ಬಿಡಿ. ದೊಡ್ಡವರು ಕೂತಿರುವಾಗ ನಿಂತುಕೊಂಡು ಮಾತಾಡಬೇಡಿ, ಕೂತು ಮಾತಾಡಿ. ಚಕ್ಕಳಮಕ್ಕಳ ಹಾಕುವುದು ನಮಗೇನೂ ಕಷ್ಟವಲ್ಲ. ಕಾಲು ಚಾಚಲೇಬೇಕಾದರೆ ಮೇಲೊಂದು ಚಾಪೆಯೋ ಬಟ್ಟೆಯೋ ಹಾಕಿಕೊಳ್ಳಿ. ಕೂತವರ ಮುಂದೆ ದಾಟುವಾಗ ಸೊಂಟ ಬಗ್ಗಿಸಿ ‘ತುಲೋ’ ಎನ್ನಿ. ನಡೆಯುತ್ತಾ ತಿನ್ನಬೇಡಿ. ಹಳ್ಳಿಯಲ್ಲಿ ಸಂಜೆ ಆರು, ಏಳರ ನಡುವೆ ಶಂಖವೋ ಗಂಟೆಯೋ ಕೇಳಿದರೆ ಅದು ಪ್ರಾರ್ಥನೆಯ ಹೊತ್ತು. ಇದ್ದಲ್ಲೇ ನಿಲ್ಲಿ ಅಥವಾ ಕೂರಿ, ರಸ್ತೆಬದಿ ನಿಂತ ಯುವಕರ ಸೂಚನೆ ಕೇಳಿ, ಹತ್ತಿಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಭಾನುವಾರ ಸದ್ದುಗದ್ದಲ, ಸಮುದ್ರಸ್ನಾನ ಬೇಡ.

ಬರಿಗೈಯಲ್ಲಿ ಹೋಗಬೇಡಿ. ಸಾವಿನ ಮನೆಗಾದರೆ ಲಕೋಟೆಯಲ್ಲಿ ದುಡ್ಡು ಇಟ್ಟು ಮನೆಯವರ ತುಲಾಫಾಲೆಯ ಕೈಗೆ ಕೊಡಿ; ಅವರು ಅದನ್ನು ಎಲ್ಲರಿಗೂ ಕೇಳುವಂತೆ ಹೇಳಿ ನಿಮಗೆ ಧನ್ಯವಾದ ಒಪ್ಪಿಸುತ್ತಾರೆ, ಮುಜುಗರ ಪಡಬೇಡಿ. ವಾಪಸ್ಸು ಬರುವಾಗ ಊಟದ ಪೊಟ್ಟಣ ಕಟ್ಟಿಕೊಡುತ್ತಾರೆ, ಬೇಡವೆನ್ನುವ ಹಾಗಿಲ್ಲ. ಅದರಲ್ಲಿ ಹಂದಿಮಾಂಸವೋ ಡಬ್ಬಿಯ ದನದ ಮಾಂಸವೋ ಇರುವುದು ಹೆಚ್ಚು. ಸಸ್ಯಾಹಾರಿಗಳಾದರೆ ಮನೆಯ ಹೆಂಗಸರಿಗೆ ಮೊದಲೇ ಒಂದು ಮಾತು ಹೇಳಿಡಿ. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ, ಹಲಸಿನ ಜಾತಿಯ ದೀವಿಹಲಸು, ಬಾಳೆಕಾಯಿ ತುಂಬಿಸಿ ಕೊಡುತ್ತಾರೆ.